ರುಚಿ ನೋಡಿದವರು: ಭಾಗ್ಯ, ಹೊಳಲು

"ಇಲ್ಲಿ ಸುಮಲತಾ ಅಂದ್ರ ಯಾರ್ರಿ?"

ಬಾಗಿಲಲ್ಲಿ ನಿಂತವನ ದನಿ ಜೋರಾಗೇನೂ ಇರಲಿಲ್ಲ. ಆದರೂ ಕಂಪ್ಯೂಟರ್ ಕೋಣೆಯಲ್ಲಿದ್ದ ವಿದ್ಯಾರ್ಥಿಗಳೆಲ್ಲ ಒಮ್ಮೆಗೇ ತಿರುಗಿ ನೋಡಿದರು.

ಆಷಾಢದ ಭಾನುವಾರ. ಕೂಡ್ಲಿಗಿಯ ಆ ಖಾಸಗಿ ಕಾಲೇಜಿಗೆ ರಜೆ. ಅತಿಥಿ ಉಪನ್ಯಾಸಕಿ ಸುಮಲತಾ ಬಿಸಿಎ ಮಕ್ಕಳನ್ನು ಕರೆಸಿಕೊಂಡು 'ಬುತ್ತಿ' ವಿಕಿಯನ್ನು ತೋರಿಸುತ್ತಿದ್ದಳು. ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ತಾಣ ಅದು. ಸುತ್ತಲಿನ ಐದು ತಾಲ್ಲೂಕಿನ ಹುಡುಗ ಹುಡುಗಿಯರು ಯಾರ ಸಂಬಳವೂ ಇಲ್ಲದೆ ಬರೆದು ಕಟ್ಟಿದ್ದು.

"ನೋಡ್ರಿ, ಪುಟದ ಮ್ಯಾಲೆ ಹಳದಿ ಪಟ್ಟಿ ಇದ್ರ ಅದು ಇನ್ನೂ ಬೆಂದಿಲ್ಲ ಅಂತ ಅರ್ಥ. ಬರೆದವರನ್ನ ಬಿಟ್ಟು ಬ್ಯಾರೆ ಒಬ್ರು ಆ ಪ್ರೋಗ್ರಾಂ ರನ್ ಮಾಡಿ ನೋಡಿ, ಕೆಳಗ ತಮ್ಮ ಹೆಸರು, ಊರು ಹಾಕಬೇಕು. ಆಗ ಮಾತ್ರ ನಂಬ್ರಿ" ಎಂದು ಆಗಷ್ಟೇ ಹೇಳಿ ಮುಗಿಸಿದ್ದಳು. ಅವಳ ಹಿಂದಿನ ಪರದೆಯಲ್ಲಿ ಆ ಸಾಲು ದೊಡ್ಡದಾಗಿ ಕಾಣುತ್ತಿತ್ತು:

'ರುಚಿ ನೋಡಿದವರು: ಭಾಗ್ಯ, ಹೊಳಲು.'

"ನಾನೇರಿ ಸುಮಲತಾ. ಒಳಗ ಬರ್ರಿ. ನೀವು...?"

"ಗುರುಶಾಂತ. ಹೊಳಲಿನವ." ಅವನು ಒಳಗೆ ಬರಲಿಲ್ಲ. ಪರದೆಯ ಮೇಲಿನ ಹೆಸರನ್ನೇ ನೋಡುತ್ತಿದ್ದ. "ಭಾಗ್ಯ ನಮ್ಮಕ್ಕ."

ಸುಮಲತಾಳ ಮುಖ ಅರಳಿತು!

"ಭಾಗ್ಯಕ್ಕನ ತಮ್ಮ ಏನ್ರಿ! ಅಯ್ಯೋ, ಅಕ್ಕಾರು ಎಲ್ಲಿ ಅದಾರ್ರಿ? ಅವರ ಹಳೇ ಇಮೇಲಿಗೆ ನಾ ಎಷ್ಟು ಪತ್ರ ಹಾಕೀನಿ, ಒಂದಕ್ಕೂ ಉತ್ತರ ಇಲ್ಲ..."

"ಅದನ್ನ ಕೇಳಾಕ ನಾ ಬಂದೀನ್ರಿ. ಮೊನ್ನಿ ಶುಕ್ರವಾರ ಸಂಜಿ ನಮ್ಮಕ್ಕ ನಿಮ್ಮ ಹಾಳಿ ಎಲ್ಲಾ ರನ್ ಮಾಡಿ ನೋಡ್ಯಾಳಂತ. ಎಲ್ಲಿ ಕುಂತಿದ್ಲು? ಈ ಕಂಪ್ಯೂಟರ್ ಮುಂದನೋ, ಆ ಕಂಪ್ಯೂಟರ್ ಮುಂದನೋ? ಸ್ವಲ್ಪ ತೋರಿಸ್ರಿ."

"ಅಂದ್ರ...?"

"ಆಕಿ ತೀರಿಕೊಂಡು ಮೂರು ವರ್ಷ ಆತು."

ಅವನು ಪರದೆಯಿಂದ ಕಣ್ಣು ಕಿತ್ತು ಅವಳ ಕಡೆ ತಿರುಗಿದ.

"ಆಕಿ ಫೋನು ನಮ್ಮವ್ವನ ಹತ್ರ ಐತಿ. ದೇವರ ಜಗಲಿ ಮಗ್ಗಲಾಗ ಇಟ್ಕೊಂಡಾಳ. ಬುತ್ತಿಯಾಗ ಯಾರರ ಆಕಿ ಹೆಸರು ಹಾಕಿದ್ರ ಅದಕ್ಕ ಸುದ್ದಿ ಬರ್ತೈತಿ. ಶುಕ್ರವಾರ ದೀಪ ಹಚ್ಚೋ ಹೊತ್ತಿಗೆ ಅದು ಟಿಂಗ್ ಅಂತು. ಮತ್ತ ಟಿಂಗ್ ಅಂತು. ಭಾಗ್ಯ, ಹೊಳಲು... ಭಾಗ್ಯ, ಹೊಳಲು... ಅಂತ ಬಂದ ಬಂತು. ನಮ್ಮವ್ವ ಏನ್ ಮಾಡಿದ್ಲು ಗೊತ್ತೇನ್ರಿ? ಎದ್ದು ಹೋಗಿ ತಲಬಾಗಲಾ ತೆಗೆದು ನಿಂತ್ಲು."

ಸುಮಲತಾಳಿಗೆ ನೆಲವೇ ಕಾಣದಂತಾಯಿತು. ಪಕ್ಕದ ಮೇಜಿನ ಅಂಚು ಹಿಡಿದುಕೊಂಡಳು.

"ಇನ್ನೊಂದು ಹಾಳಿ ಐತಿ, ಅದನ್ನ ಬರೆದಾಕಿನೇ ನಮ್ಮಕ್ಕ. ಅದರ ಕೆಳಗೂ ಆಕಿ ಹೆಸರೇ ಹಾಕೀರಿ, ಹಾಕಿದವರು ಸುಮಲತಾ ಅಂತ ವಿಕಿಯೊಳಗ ದಾಖಲಾಗೈತಿ. ತಾ ಮಾಡಿದ ಅಡಿಗಿಗೆ ತಾನೇ ರುಚಿ ಹೇಳಂಗಿಲ್ಲ ಅಂತ ಈ ಪದ್ಧತಿ ಹಾಕಿದಾಕಿನೂ ಆಕಿನೇ." ಅವನು ವಿದ್ಯಾರ್ಥಿಗಳ ಕಡೆ ಒಮ್ಮೆ ನೋಡಿದ. "ಚಲೋ ಕಲಸ್ತೀರಿ ಬಿಡ್ರಿ ಮೇಡಂ."

ಅಷ್ಟು ಹೇಳಿ ಹೊರಟೇ ಹೋದ.

ಮಕ್ಕಳು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಚೀಲ ಎತ್ತಿಕೊಂಡರು. ಒಬ್ಬರಾದರೂ ಅವಳ ಮುಖ ನೋಡಿ "ಬರ್ತೀವ್ರಿ" ಅನ್ನಲಿಲ್ಲ. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಆ ತಗ್ಗಿದ ತಲೆಗಳನ್ನು ತಡೆದುಕೊಳ್ಳುವುದು ಆಗಲಿಲ್ಲ.

*

ಸುಮಲತಾ ಕೆಟ್ಟವಳಲ್ಲ. ಆದರೆ ಒಳ್ಳೆಯವರ ಕೈಯಿಂದಲೂ ಇಂಥ ಕೆಲಸ ಆಗುತ್ತದೆ, ಆ ಶಿವನೇ ಬಲ್ಲ.

ಕೊಟ್ಟೂರಿನ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದ ಹುಡುಗಿ ಅವಳು. ಬಿಸಿಎ ಸೇರಿದ ಮೊದಲ ವರ್ಷ ಇಂಗ್ಲಿಷ್ ಪುಸ್ತಕ ಎದುರಿಗಿಟ್ಟುಕೊಂಡು ಅತ್ತಿದ್ದಳು. 'ಲೂಪ್' ಎಂಬ ಒಂದು ಪದ ಅವಳಿಗೆ ತಿಳಿಯದೆ ಕಾಡಿತ್ತು. ಆಗ ಸಿಕ್ಕಿದ್ದು ಬುತ್ತಿ. ಅಲ್ಲಿ ಯಾರೋ ಬರೆದಿದ್ದರು: 'ನೀವು ಮಲ್ಲಿಗೆ ಕಟ್ಟುವುದನ್ನು ನೋಡಿದ್ದೀರಿ. ಎರಡು ಹೂ ಇಡು, ಗಂಟು ಹಾಕು. ಮತ್ತೆ ಎರಡು ಹೂ, ಮತ್ತೆ ಗಂಟು. ಹೂ ಮುಗಿಯುವ ತನಕ ಅದೇ ಕೆಲಸ. ಇದೇ ಲೂಪ್.' ಕೆಳಗಡೆ, 'ರುಚಿ ನೋಡಿದವರು: ಭಾಗ್ಯ, ಹೊಳಲು.'

ಅಂದಿನಿಂದ ಮುಖ ಕಾಣದ ಆ ಭಾಗ್ಯ ಅವಳಿಗೆ ಅಕ್ಕನಾದಳು. ಪುಟದ ಕೆಳಗೆ ಆ ಹೆಸರು ಕಂಡರೆ ಮನಸ್ಸಿಗೆ ಧೈರ್ಯ.

ಆಮೇಲೆ ಬುತ್ತಿ ಸದ್ದಿಲ್ಲದೆ ನಿಂತಿತು. ಬರೆಯುವವರು ಬರಲಿಲ್ಲ. ಅರ್ಧ ಬೆಂದ ಪುಟಗಳು ಹಳದಿ ಪಟ್ಟಿ ಹೊತ್ತು ಹಾಗೇ ಕುಳಿತವು. ಈಚೆಗೆ ಅದನ್ನು ತಮ್ಮ ಸರ್ವರಿನಲ್ಲಿ ಪುಕ್ಕಟೆಯಾಗಿ ಇಟ್ಟುಕೊಂಡಿದ್ದ ಹೊಸಪೇಟೆಯ ಬಳಗದಿಂದ ಸುದ್ದಿ ಬಂತು. 'ಶ್ರಾವಣ ಮುಗಿಯುವುದರೊಳಗೆ ಹಳದಿ ಪಟ್ಟಿಯ ಪುಟ ಒಂದೂ ಇರಬಾರದು. ಇದ್ದರೆ ಯಾರೂ ನೋಡಿಕೊಳ್ಳುತ್ತಿಲ್ಲವೆಂದು ತಿಳಿದು ತಾಣ ಮುಚ್ಚುತ್ತೇವೆ.'

ತನ್ನನ್ನು ಕಾಪಾಡಿದ್ದು ಮುಚ್ಚಿಹೋಗುತ್ತದೆಯೇ! ಸುಮಲತಾ ಹಳಬರಿಗೆಲ್ಲ ಬರೆದಳು. ಉತ್ತರವಿಲ್ಲ. ಪುಟಗಳನ್ನು ತಾನೇ ತಿದ್ದಿದಳು, ಹೊಸದನ್ನು ಬರೆದಳು. ಆದರೆ ರುಚಿ ನೋಡುವವರು ಯಾರು? ತಿದ್ದಿದವಳು ತಾನೇ, ಸಹಿ ಹಾಕುವಂತಿಲ್ಲ.

ಕಡೆಗೆ ಆ ಶುಕ್ರವಾರ ಮನಸ್ಸು ಜಾರಿತು. 'ಭಾಗ್ಯಕ್ಕ ಎಲ್ಲೋ ಮದುವೆಯಾಗಿ ಹೋಗಿರಬೇಕು. ಇದ್ದಿದ್ದರೆ ಬೇಡ ಅನ್ನುತ್ತಿದ್ದಳೇ? ಅವಳ ಹೆಸರು ಹಾಕಿದರೆ ಯಾರಿಗೆ ನಷ್ಟ?'

ಹಳದಿ ಪಟ್ಟಿಗಳೆಲ್ಲ ಒಂದೇ ಸಂಜೆಯಲ್ಲಿ ಹೋದವು. ಅತ್ತ ಹೊಳಲಿನಲ್ಲಿ ಒಬ್ಬ ತಾಯಿ ಬಾಗಿಲು ತೆರೆದು ನಿಂತಳು.

*

ಸೋಮವಾರ ಕಾಲೇಜು ತೆರೆಯುವ ಮೊದಲೇ ಸುಮಲತಾ ಲ್ಯಾಬಿಗೆ ಬಂದು ಕುಳಿತಿದ್ದಳು. ಕಣ್ಣು ಕೆಂಪಾಗಿತ್ತು. ಇಡೀ ತಾಣದಲ್ಲಿ ಎಲ್ಲೆಲ್ಲಿ 'ಭಾಗ್ಯ, ಹೊಳಲು' ಎಂದಿದೆಯೋ ಅಲ್ಲೆಲ್ಲ ಅಳಿಸು ಎಂದು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟಳು. ಬಳಿಕ ಮೊದಲ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಳು:

'ರುಚಿ ನೋಡದವರ ಹೆಸರನ್ನು ಸುಳ್ಳಾಗಿ ಹಾಕಿದ್ದು ನಾನು. ಆ ಅಕ್ಕ ತೀರಿಕೊಂಡಿರುವುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ನೆಪವಲ್ಲ. ಸುಮಲತಾ, ಕೂಡ್ಲಿಗಿ.'

ಅದನ್ನೇ ಹೊಸಪೇಟೆಯ ಬಳಗಕ್ಕೂ ಕಳಿಸಿದಳು.

ಲ್ಯಾಬ್ ನೋಡಿಕೊಳ್ಳುವ ಮೈಲಾರೇಶ್ ಚಹಾ ತಂದಿಟ್ಟ. ಅವಳಿಗಿಂತ ಹಿರಿಯ. ದಿನಾ ಏನಾದರೂ ಕಾಲೆಳೆಯುವವನು, ಮಕ್ಕಳಿಂದ ಸುದ್ದಿ ತಿಳಿದು, ಇವತ್ತು ಮೆತ್ತಗೆ ಮಾತಾಡಿದ.

"ಎಲ್ಲಾ ಅಳಿಸಿದ್ರ್ಯಾ ಮೇಡಂ?"

"ಹೂಂನ್ರಿ."

"ಆ ಮುದುಕಿ ಎದಿಯಾಗಿಂದು?"

ಸುಮಲತಾ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಕಂಪ್ಯೂಟರ್ನ್ಯಾಗ ಕ್ಷಮಾ ಕೇಳಿದ್ರ ಕಂಪ್ಯೂಟರ್ ಕ್ಷಮಿಸ್ತೈತಿ. ಹೋಗಿ ಮುಖಾ ತೋರಿಸ್ರಿ. ಬೈತಾರ, ಬೈಲಿ. ಹೊಳಲಿಗೆ ಹೋಗಾಕ ಹಡಗಲಿ ಬಸ್ಸು ಈಗ ಬರೋ ಹೊತ್ತು. ಮತ್ತ ಖಾಲಿ ಹೊಟ್ಟಿಲೆ ಹೋಗಬ್ಯಾಡ್ರಿ, ಬೈಸಿಗೊಳ್ಳಾಕೂ ಶಕ್ತಿ ಬೇಕು!"

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಬಂದ ನಗುವಿಗೂ ನಾಚಿಕೆಯಾಯಿತು.

*

ಹೊಳಲಿನ ಆ ಮನೆಯ ಕಟ್ಟೆಯ ಮೇಲೆ ಭಾಗ್ಯಳ ತಾಯಿ ನಾಗಲಿಂಗಮ್ಮ ಮಲ್ಲಿಗೆ ಕಟ್ಟುತ್ತ ಕುಳಿತಿದ್ದರು. ಹಣೆಯ ತುಂಬ ವಿಭೂತಿ. ಬೆರಳು ತಮ್ಮಷ್ಟಕ್ಕೆ ತಾವು ಓಡುತ್ತಿದ್ದವು. ಎರಡು ಹೂ, ಗಂಟು. ಮತ್ತೆ ಎರಡು ಹೂ, ಗಂಟು.

ಸುಮಲತಾ ಚಪ್ಪಲಿ ಬಿಟ್ಟವಳೇ ಅವರ ಕಾಲಿಗೆ ಬಿದ್ದಳು.

"ಅವ್ವಾರ... ಆ ಹೆಸರು ಹಾಕಿದಾಕಿ ನಾನೇರಿ."

ಬೆರಳು ನಿಂತವು.

ಆಮೇಲೆ ಆ ಕೈ ಅವಳ ತಲೆಯ ಮೇಲೆ ಬಂತು.

"ಏಳವ್ವ. ಕುಂದ್ರು. ಊಟ ಮಾಡಿ ಬಂದೀ ಏನು?"

ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬಂದವಳು ಆ ಒಂದು ಮಾತಿಗೆ ಒಡೆದುಹೋದಳು.

"ಅಳಬ್ಯಾಡ. ನೋಡು, ನೀ ಮಾಡಿದ್ದು ತಪ್ಪೇ. ತಪ್ಪಲ್ಲ ಅಂತ ನಾ ಅನ್ನಂಗಿಲ್ಲ. ಫೋನಿನ್ಯಾಗ ಆಕಿ ಹೆಸರು ಕಂಡಾಗ, ಒಂದು ಗಳಿಗಿ... ಒಂದೇ ಗಳಿಗಿ ಯವ್ವಾ, ಬಂದ್ಲೇನೋ ಅನ್ನಿಸ್ತು. ಬಾಗಲಾ ತೆಗೆದ್ರ ಓಣಿಯಾಗ ಯಾರೂ ಇಲ್ಲ. ಇನ್ನೊಮ್ಮೆ ಮಣ್ಣು ಮಾಡಿ ಬಂದಂಗಾತು." ನಾಗಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅದಿರಲಿ. ಆಕಿ ಖರೇನ ನೋಡಿ ಹೆಸರು ಹಾಕಿದ್ದು ಇದ್ದಾವಲ್ಲ, ಹೂವಿನ ಮಾತು ಇರೋದು, ಅದನ್ನ ತೋರಿಸು. ಗುರು ತೋರಸಂಗಿಲ್ಲ. ಕೇಳಿದ್ರ ಎದ್ದು ಹೋಗ್ತಾನ."

ಸುಮಲತಾ ಮೊಬೈಲ್ ತೆಗೆದಳು. ಲೂಪಿನ ಪುಟ ತೆರೆದಳು. ಕೆಳಕ್ಕೆ ಸರಿಸಿದಳು...

ಅಲ್ಲಿ ಖಾಲಿ!

ಇನ್ನೊಂದು ಪುಟ ತೆರೆದಳು. ಖಾಲಿ. ಮತ್ತೊಂದು. ಅದೂ ಖಾಲಿ. ಮುಂಜಾನೆ ಕೊಟ್ಟ ಆಜ್ಞೆ ಸುಳ್ಳು ಹೆಸರನ್ನೂ ನಿಜದ ಹೆಸರನ್ನೂ ಒಂದೇ ಎಂದು ತಿಳಿದು ಗುಡಿಸಿ ಹಾಕಿತ್ತು. ಭಾಗ್ಯ ತನ್ನ ಕೈಯಾರೆ ಇಟ್ಟ ಸಹಿಗಳೆಲ್ಲ ಹೋಗಿದ್ದವು.

"ಏನಾತು ಯವ್ವಾ?"

"ಏನ್ ಮಾಡಿಟ್ಟೀರಿ ಇದು?"

ಎರಡನೆಯ ದನಿ ಗುರುಶಾಂತನದು. ಹಡಗಲಿ ಬಸ್ ನಿಲ್ದಾಣದ ಹತ್ತಿರ ಅವನದೊಂದು ಕಂಪ್ಯೂಟರ್ ಅಂಗಡಿ. ಅಲ್ಲಿಯೇ ಬುತ್ತಿಯನ್ನು ತೆರೆದು ನೋಡಿದವನು ಮೋಟರ್ ಸೈಕಲ್ ಹತ್ತಿ ಬಂದಿದ್ದ. ಸಿಟ್ಟನ್ನು ಮನೆಯಲ್ಲಿ ಕಾರಲೆಂದು ಬಂದರೆ ಸಿಟ್ಟಿಗೆ ಕಾರಣಳಾದವಳೇ ಕಟ್ಟೆಯ ಮೇಲೆ ಕುಳಿತಿದ್ದಳು.

"ಮೊದಲು ಇಲ್ಲದ ಅಕ್ಕನ್ನ ಕರಕೊಂಡು ಬಂದ್ರಿ. ಈಗ ಇದ್ದಷ್ಟು ಅಕ್ಕನ್ನೂ ಕಳಿಸಿಬಿಟ್ರಿ! ಯಾವ ಜನ್ಮದ ಹಗಿ ತೀರಿಸ್ಕೊಳ್ಳಾಕ ಹತ್ತೀರಿ?"

"ಬೇಕಂತ ಮಾಡಿಲ್ರಿ... ಖರೇವಂದ್ರೂ ಇಲ್ರಿ. ನಾಚಿಕಿ ತಡಿಯಾಕ ಆಗಲಿಲ್ಲ. ಕಣ್ಮುಚ್ಚಿ ಎಲ್ಲಾ ಅಳಿಸಿಬಿಟ್ಟೆ."

ಹೇಳುತ್ತಿದ್ದಂತೆಯೇ ಅವಳಿಗೆ ಅದು ಹೊಳೆಯಿತು. 'ಬೆಳಿಗ್ಗೆ ನಾನು ಯೋಚಿಸಿದ್ದು ಭಾಗ್ಯಕ್ಕನನ್ನಲ್ಲ, ಈ ತಾಯಿಯನ್ನೂ ಅಲ್ಲ. ನನ್ನ ಮುಖಕ್ಕೆ ಹತ್ತಿದ ಮಸಿಯನ್ನು ಬೇಗ ತೊಳೆದುಕೊಳ್ಳಬೇಕಿತ್ತು, ಅಷ್ಟೇ...' ಮೊದಲಿನ ನಾಚಿಕೆಗಿಂತ ಇದು ಆಳಕ್ಕೆ ಇಳಿಯಿತು.

"ಹಳೇ ಹಾಳಿ ಎಲ್ಲಾ ವಿಕಿಯೊಳಗ ಇರ್ತಾವ್ರಿ. ವಾಪಸ್ ತರಾಕ ಬರ್ತೈತಿ. ಒಂದೊಂದನ್ನ ನೋಡಿ, ಯಾವ್ದು ಅಕ್ಕಾರು ಹಾಕಿದ್ದು, ಯಾವ್ದು ನಾ ಹಾಕಿದ್ದು ಅಂತ..."

"ನೀವು ಕೈ ಹಚ್ಚಬ್ಯಾಡ್ರಿ. ದಯಮಾಡಿ."

"ಗುರು!" ನಾಗಲಿಂಗಮ್ಮನ ದನಿ ಏರಿತು. "ಕೆಡಿಸಿದಾಕಿನೇ ಕಟ್ಟಲಿ. ನೀ ಮಗ್ಗಲಾಗ ಕುಂತು ನೋಡು. ಮೂರು ವರ್ಷ ನೀನರ ಏನ್ ಕಟ್ಟೀ?"

ಅವನು ತಲೆ ತಗ್ಗಿಸಿದ. ಸಿಟ್ಟಿನ ಕೆಳಗೆ ಇನ್ನೇನೋ ಇತ್ತು. ಸುಮಲತಾ ಅದನ್ನು ಕಂಡಳು, ಏನೆಂದು ತಿಳಿಯಲಿಲ್ಲ.

*

ಹೀಗೆ ಶುರುವಾಯಿತು ಆ ಕೆಲಸ. ಭಾನುವಾರ ಬಂತೆಂದರೆ ಸುಮಲತಾ ಹಡಗಲಿಗೆ ಬಂದು ಅವನ ಅಂಗಡಿಯಲ್ಲಿ ಕೂರುವಳು. ಉಳಿದ ದಿನ ಫೋನು. ಮೊದಮೊದಲು ಅದು ಮಾತೇ ಅಲ್ಲ.

"ಮೂರನೇ ಹಾಳಿ ಆತ್ರಿ. ಅದು ಅಕ್ಕಾರದೇ ಸಹಿ."

"ಹೂಂ."

"ನಾಲ್ಕನೇದು ನಾ ಹಾಕಿದ್ದು. ಹಳದಿ ಪಟ್ಟಿ ವಾಪಸ್ ಹಾಕೀನ್ರಿ."

"ಹೂಂ."

ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. "ನಿಮಗ ಹೂಂ ಬಿಟ್ಟು ಬ್ಯಾರೆ ಅಕ್ಷರ ಬರಂಗಿಲ್ಲೇನ್ರಿ?"

ಆ ಕಡೆಯಿಂದ, "ಉಹೂಂ."

ಇಬ್ಬರೂ ನಕ್ಕರು. ನಕ್ಕ ಮೇಲೆ ಇಬ್ಬರಿಗೂ ಗಾಬರಿಯಾಗಿ ಫೋನ್ ಇಟ್ಟರು!

ಯಾರೂ ಎಣಿಸದ ಇನ್ನೊಂದು ಸಂಗತಿ ನಡೆಯಿತು. ಮೊದಲ ಪುಟದಲ್ಲಿ ಅವಳು ಬರೆದ ತಪ್ಪೊಪ್ಪಿಗೆಯನ್ನು ಹಳಬರು ಓದಿದರು. ಹರಪನಹಳ್ಳಿಯ ಪ್ರಬುದ್ಧ ಬರೆದ: 'ಕರೆದಾಗ ಬರಲಿಲ್ಲ. ನನಗೂ ನಾಚಿಕೆಯಾಗಿದೆ. ಒಂದಿಷ್ಟು ಪುಟ ಕೊಡಿ, ರುಚಿ ನೋಡುತ್ತೇನೆ.' ಹಗರಿಬೊಮ್ಮನಹಳ್ಳಿಯಿಂದ ಪ್ರಿಯಾ ಬಂದಳು. ಕೊಟ್ಟೂರಿನಿಂದ ಹುಲುಗೇಶ್ ಬಂದವನೇ 'ಈ ಪುಟಕ್ಕೆ ಉಪ್ಪು ಕಡಿಮೆ' ಎಂದು ಸುಮಲತಾ ಬರೆದ ಪುಟಕ್ಕೇ ತಪ್ಪು ಹಿಡಿದ. ಪ್ರೋಗ್ರಾಮಿನಲ್ಲಿ ದೋಷ ಕಂಡರೆ ಬುತ್ತಿಯವರು ಹಾಗೆ ಬರೆಯುವುದು ವಾಡಿಕೆ. ಕಾಲೇಜಿನ ಮಕ್ಕಳೂ ಒಬ್ಬೊಬ್ಬರಾಗಿ ಲ್ಯಾಬಿಗೆ ಮರಳಿದರು. ಹಳದಿ ಪಟ್ಟಿಗಳು ಒಂದೊಂದಾಗಿ ಹೋಗತೊಡಗಿದವು. ಈ ಸಲ ನಿಜವಾಗಿ.

ಗುರುಶಾಂತ ಅವಳಿಗೆ ಚಹಾ ಮಾಡುವಾಗ ಕೇಳದೆಯೇ ಸಕ್ಕರೆ ಕಡಿಮೆ ಹಾಕುವಂತಾದ. ಸಂಜೆ ಕೂಡ್ಲಿಗಿ ಬಸ್ಸು ಹೊರಟು ಮರೆಯಾಗುವ ತನಕ ಅಂಗಡಿಯ ಮುಂದೆ ನಿಂತಿರುವಂತಾದ. ಅದನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳು. 'ನನಗೇನು ಅರ್ಹತೆ ಇದೆ?' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಕಡೆಗೆ ಒಂದು ಪುಟ ಉಳಿಯಿತು. ಭಾಗ್ಯ ಬರೆದ ಕೊನೆಯ ಪುಟ, 'ಮೊಳದಿಂದ ಮಾರು'. ಎಷ್ಟು ಮೊಳ ಹೂವೆಂದು ಕೊಟ್ಟರೆ ಎಷ್ಟು ಮಾರು, ಎಷ್ಟು ಮೊಳ ಎಂದು ಹೇಳುವ ಸಣ್ಣ ಪ್ರೋಗ್ರಾಂ.

ಸುಮಲತಾ ಅದನ್ನು ತೆರೆಯಲು ಹೋದಳು. ಗುರುಶಾಂತ ಥಟ್ಟನೆ ಕೈ ಅಡ್ಡ ಹಿಡಿದ.

"ಅದೊಂದು ಬಿಡ್ರಿ!"

"ಶ್ರಾವಣ ಮುಗಿಯಾಕ ಬಂತಲ್ರಿ... ಅದೊಂದಕ್ಕ ಪಟ್ಟಿ ಉಳಿದ್ರ..."

"ಬಿಡ್ರಿ ಅಂದೆನಲ್ಲ! ಅದಕ್ಕ ನೀವು ಮೊದಲೇ ಒಮ್ಮೆ ಸಹಿ ಹಾಕೀರಿ, ಸಾಕು."

ಮಾತು ಬಾಯಿಂದ ಹೊರಬಿದ್ದ ಕೂಡಲೇ ಅವನ ಮುಖ ಕಪ್ಪಿಟ್ಟಿತು. ಆದರೆ ಅವಳು ಆಗಲೇ ಎದ್ದಿದ್ದಳು.

'ಇಷ್ಟು ದಿನವೂ ಅದು ಅವರ ಮನಸ್ಸಿನಲ್ಲಿಯೇ ಇತ್ತು. ಇರಬೇಕಾದದ್ದೇ. ಮರೆತರೆಂದು ಯಾಕೆ ತಿಳಿದೆ ನಾನು?'

ಅಂದಿನಿಂದ ಅವಳು ಫೋನ್ ಮಾಡಲಿಲ್ಲ. ಅವನು ಮಾಡಿದರೂ ಎತ್ತಲಿಲ್ಲ.

*

ಎತ್ತಿದ್ದು ನಾಗಲಿಂಗಮ್ಮನ ಫೋನು. ಹೊಳಲಿನಲ್ಲಿ ಪಡೆದ ಆ ನಂಬರಿಗೆ ಅವಳೇ ಇಟ್ಟ ಹೆಸರು, 'ಭಾಗ್ಯಕ್ಕ', ಪರದೆಯ ಮೇಲೆ ಬಂತು. ಆ ತಾಯಿ ಮಗಳ ಫೋನಿನಿಂದಲೇ ಕರೆದಿದ್ದರು.

"ನಾಳೆ ಶ್ರಾವಣದ ಕಡೀ ಸೋಮವಾರ. ನಮ್ಮನಿಗೆ ಊಟಕ್ಕ ಬಾ."

"ಅವ್ವಾರ, ನಾ ಹೆಂಗ ಬರ್ಲಿ..."

"ಬಸ್ ಹತ್ತಿ ಬಾ."

ಬಂದಳು. ಪೂಜೆ, ಊಟ ಮುಗಿದು ಕಟ್ಟೆಯ ಮೇಲೆ ಹೂವಿನ ಬುಟ್ಟಿ ಬಂತು. ಗುರುಶಾಂತ ದೂರದ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದ. ಅವನಿಗೂ ಅವಳಿಗೂ ಒಬ್ಬರ ಮುಖ ಒಬ್ಬರು ನೋಡಲು ಆಗುತ್ತಿರಲಿಲ್ಲ.

ನಾಗಲಿಂಗಮ್ಮ ಮಗಳ ಫೋನನ್ನು ಸುಮಲತಾಳ ಕೈಗೆ ಕೊಟ್ಟರು.

"ಆ ಕಡೀ ಹಾಳಿ ತೆಗಿ. ಇವನಿಗೆ ಧೈರ್ಯ ಇಲ್ಲ. ಆಕಿ ಜ್ವರದಾಗ ಮಲಗಿ ಬರೆದದ್ದದು. ಅದರ ಮ್ಯಾಲಿನ ಹಳದಿ ಪಟ್ಟಿ ಹೋದ್ರ ಅಕ್ಕನ ಕೆಲಸ ಮುಗೀತು ಅಂತ ಆಗ್ತೈತಿ, ಮುಗಿಯೋದು ಬ್ಯಾಡ ಅಂತಾನ. ನಿನ್ನ ಮ್ಯಾಲೆ ಸಿಟ್ಟಲ್ಲ ಅದು ಯವ್ವಾ."

ಸುಮಲತಾ ಕತ್ತೆತ್ತಿ ಅವನನ್ನು ನೋಡಿದಳು. ಅವನ ಕಣ್ಣು ತುಂಬಿದ್ದವು.

"ರುಚಿ ನೋಡ್ರಿ" ಎಂದ ಗುರುಶಾಂತ, ಕೇಳಿಸಿಯೂ ಕೇಳಿಸದಂತೆ. "ನೀವೇ ನೋಡ್ರಿ."

ಅವಳು ಪ್ರೋಗ್ರಾಂ ರನ್ ಮಾಡಿದಳು. ಐದು ಮೊಳ ಎಂದು ಕೊಟ್ಟಳು. 'ಒಂದು ಮಾರು, ಒಂದು ಮೊಳ' ಎಂದು ಬಂತು. ಸರಿಯಾಗಿತ್ತು. ಏಳು ಕೊಟ್ಟಳು. ಸರಿಯಾಗಿತ್ತು. ನಾಲ್ಕು ಕೊಟ್ಟಳು.

'ಮಾರು ಇಲ್ಲ, ನಾಲ್ಕು ಮೊಳ.'

ನಾಲ್ಕು ಮೊಳಕ್ಕೆ ಒಂದು ಮಾರು. ಭಾಗ್ಯಕ್ಕ ತಪ್ಪಿದ್ದಾಳೆ! ಎಂಟು ಕೊಟ್ಟಳು. ಅದೂ ತಪ್ಪು.

ತಾಯಿ ಕಾಯುತ್ತಿದ್ದಾರೆ. ತಮ್ಮ ಕಾಯುತ್ತಿದ್ದಾನೆ. ತೀರಿಹೋದವಳ ಕೊನೆಯ ಪುಟ. 'ಚೆನ್ನಾಗಿದೆ' ಎಂದು ಒಂದು ಮಾತು ಹೇಳಿ ಹೆಸರು ಹಾಕಿದರೆ ಈ ಮನೆ ತಣ್ಣಗಾಗುತ್ತದೆ. ನಾಳೆ ಯಾರಿಗೂ ಕಾಣದಂತೆ ತಿದ್ದಿಬಿಡಬಹುದು. ಯಾರಿಗೆ ನಷ್ಟ?

'ಯಾರಿಗೆ ನಷ್ಟ...' ಆ ಮಾತನ್ನು ಅವಳು ಹಿಂದೆಯೂ ಒಮ್ಮೆ ತನಗೆ ಹೇಳಿಕೊಂಡಿದ್ದಳು.

"ಹೆಂಗೈತ್ರಿ?" ಗುರುಶಾಂತ ಹತ್ತಿರ ಬಂದಿದ್ದ.

ಸುಮಲತಾ ಉಸಿರು ಎಳೆದುಕೊಂಡಳು.

"ಉಪ್ಪು ಕಡಿಮಿ ಐತ್ರಿ."

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು.

"ನಾಲ್ಕು ಮೊಳಕ್ಕ ಒಂದು ಮಾರು ಅನ್ನಬೇಕಲ್ರಿ... ಇದು ಅನ್ನವಲ್ದು. ನಾಲ್ಕು ದಾಟಿದ ಮ್ಯಾಲೇ ಮಾರು ಅಂತೈತಿ. ನಾ ಸಹಿ ಹಾಕಾಕ ಬರಂಗಿಲ್ಲ. ತಪ್ಪು ತಿಳೀಬ್ಯಾಡ್ರಿ. ಇನ್ನೊಮ್ಮೆ ಅಕ್ಕನ ಮ್ಯಾಲೆ ಸುಳ್ಳು ಹೇಳಾಕ ನನ್ನ ಕಡಿಂದ ಆಗಂಗಿಲ್ಲ."

ನಾಗಲಿಂಗಮ್ಮ ಕೈಯಲ್ಲಿದ್ದ ಹೂ ಕೆಳಗಿಟ್ಟರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಸುಮಲತಾ ಬೆದರಿದಳು. ಅವರು ನಗುತ್ತಿದ್ದರು!

"ಅಯ್ಯೋ ಶಿವನೇ... ಹೌದಲ್ಲೋ ಗುರು! ಭಾಗ್ಯ ಹೂ ಅಳೆದುಕೊಡೋದು ಹಂಗೇ ಅಲ್ಲೇನು? ನಾಲ್ಕು ಮೊಳ ಅಳೆದು, ಮ್ಯಾಲೊಂದು ಗೇಣು ಕೊಸರು ಹಾಕಿದ್ರನೇ ಆಕಿಗೆ ಮಾರು. ಬರೇ ನಾಲ್ಕು ಕೊಟ್ರ ಅದೇನು ಮಾರು, ಜಿಪುಣರ ಅಳತಿ ಅನ್ನಾಕಿ. ಕಂಪ್ಯೂಟರಿಗೂ ಅದನ್ನೇ ಕಲಿಸ್ಯಾಳ ನನ್ನ ಮಗಳು!"

ಗುರುಶಾಂತನೂ ನಕ್ಕ. ನಗುತ್ತಲೇ ಕುಸಿದು ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೂರು ವರ್ಷ ಕಟ್ಟಿಕೊಂಡಿದ್ದ ಅಳು ಹರಿಯಿತು. ತಾಯಿ ಅವನ ಬೆನ್ನು ಸವರಿದರು. ಸುಮಲತಾ ಕಣ್ಣೊರೆಸಿಕೊಳ್ಳುವುದನ್ನೂ ಮರೆತಳು.

"ಆದ್ರೂ ಹುಡುಗರು ಕಲಿಯೋ ಹಾಳಿಯಾಗ ಅದು ತಪ್ಪೇರಿ" ಎಂದಳು ಮೆಲ್ಲಗೆ.

"ತಪ್ಪೇ" ಎಂದ ಅವನು ಮೂಗು ಒರೆಸಿಕೊಂಡು. "ಬರೆದಾಕಿ ಇಲ್ಲ. ಆಕಿ ತಮ್ಮ ತಿದ್ದತಾನ. ತರ್ರಿ ಇಲ್ಲಿ."

ನಾಲ್ಕಕ್ಕೂ ಮಾರು ಎನ್ನುವಂತೆ ಅವನು ಒಂದೇ ಒಂದು '=' ಗುರುತು ಸೇರಿಸಿದ. ಅದರ ಕೆಳಗೆ ಒಂದು ಸಾಲು ಬರೆದ: 'ಇದು ಲೆಕ್ಕದ ಮಾರು. ಭಾಗ್ಯಕ್ಕನ ಮಾರಿಗೆ ಒಂದು ಗೇಣು ಕೊಸರು ಉಂಟು.'

ಸುಮಲತಾ ಮತ್ತೆ ರನ್ ಮಾಡಿದಳು. ನಾಲ್ಕು, ಐದು, ಎಂಟು. ಎಲ್ಲವೂ ಸರಿ ಬಂದವು. ಆಗ ಬೆರಳೂರಿ ನಿಧಾನವಾಗಿ ಬರೆದಳು:

'ರುಚಿ ನೋಡಿದವರು: ಸುಮಲತಾ, ಕೂಡ್ಲಿಗಿ.'

ಕೊನೆಯ ಹಳದಿ ಪಟ್ಟಿ ಹೋಯಿತು. ನಾಗಲಿಂಗಮ್ಮ ಆ ಫೋನನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮಗ್ಗುಲಿಗೆ ಇಡಲು ಒಳಗೆ ಹೋದರು. ಹೋದವರು ಬೇಗ ಹೊರಗೆ ಬರಲಿಲ್ಲ. ಹಿರಿಯರಿಗೆ ಯಾವಾಗ ಒಳಗಿರಬೇಕೆಂಬುದು ಗೊತ್ತಿರುತ್ತದೆ.

ಕಟ್ಟೆಯ ಮೇಲೆ ಇಬ್ಬರೇ ಉಳಿದರು.

"ಅವತ್ತು ಅಂಗಡಿಯಾಗ ಅಂದ ಮಾತು..." ಗುರುಶಾಂತ ತಡವರಿಸಿದ. "ಹೇಳಿದ ಮ್ಯಾಲೆ ನನ್ನ ಮುಖಾ ನಾನೇ ಕನ್ನಡಿಯಾಗ ನೋಡಿಕೊಂಡಿಲ್ಲ. ಕ್ಷಮಿಸ್ರಿ."

"ನೀವು ಅಂದದ್ದು ಖರೇನ ಐತ್ರಿ."

"ಖರೇ ಇದ್ರೂ ಹಂಗ ಅನ್ನಬಾರದಿತ್ತು." ಅವನು ಬುಟ್ಟಿಯ ಹೂವನ್ನು ಸುಮ್ಮನೆ ಸರಿಸಿದ. "ನಮ್ಮಕ್ಕನ ಅಡಿಗಿಗೆ ಉಪ್ಪು ಕಡಿಮಿ ಅಂತ ನನಗೂ ಅನ್ನಾಕ ಆಗ್ತಿರಲಿಲ್ಲ. ನೀವು ಅಂದ್ರಿ. ಆ ಹೊತ್ತಿಗೆ ನನಗ ಅನ್ನಿಸ್ತು... ಈಕಿ ಇನ್ನು ಮ್ಯಾಲೆ ಏನ್ ಹೇಳಿದ್ರೂ ಕಣ್ಮುಚ್ಚಿ ನಂಬಬಹುದು ಅಂತ."

ಅವಳು ಹೂವಿನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

"ಕೂಡ್ಲಿಗಿ ಬಸ್ಸು ಹೋಗೋದನ್ನ ನೋಡಿ ನೋಡಿ ಸಾಕಾಗೈತ್ರಿ ನನಗ" ಎಂದ ಅವನು. "ಒಂದು ದಿನನೂ ಹೋಗದಂಗ ಆಗಲಿ ಅನ್ನಿಸ್ತೈತಿ... ನಮ್ಮನಿಗೆ ಬರ್ತೀರೇನ್ರಿ? ಇರಾಕ?"

ಸುಮಲತಾ ಬುಟ್ಟಿಯಿಂದ ಎರಡು ಹೂ ತೆಗೆದು ನಾರಿಗೆ ಇಟ್ಟಳು. ಗಂಟು ಹಾಕಿದಳು.

"ನನ್ನಂಥಾಕಿ... ಅಷ್ಟು ದೊಡ್ಡ ತಪ್ಪು ಮಾಡಿದಾಕಿ ಈ ಮನಿಗೆ ಬರಬಹುದೇನ್ರಿ?"

"ಆ ತಪ್ಪು ಮಾಡಿ, ನಮ್ಮವ್ವನ ಮುಂದ ಬಂದು ನಿಂತಾಕಿನೇ ಬೇಕು."

ಅವಳ ಕಣ್ಣಿಂದ ಒಂದು ಹನಿ ಹೂವಿನ ಮೇಲೆ ಬಿತ್ತು. ಮತ್ತೆರಡು ಹೂ ಇಟ್ಟಳು. ಗಂಟು ಹಾಕಿದಳು.

"ನೀವು ಮಾಡೋ ಚಹಾ ನನಗ ಸೇರಂಗಿಲ್ಲ. ಈಗಲೇ ಹೇಳಿಬಿಡ್ತೀನಿ."

"ಅಂದ್ರ... ಒಪ್ಪಿಗಿ ಏನ್ರಿ?!"

"ಸುಳ್ಳು ಸಹಿ ಹಾಕೋದು ಬಿಟ್ಟೀನ್ರಿ ನಾನು" ಎಂದಳು ಸುಮಲತಾ, ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು. "ಖರೇದೇ ಹೇಳ್ತೀನಿ. ಹೂಂ."

"ಹೂಂ ಬಿಟ್ಟು ಬ್ಯಾರೆ ಅಕ್ಷರ ಬರಂಗಿಲ್ಲೇನ್ರಿ ನಿಮಗ?"

"ಉಹೂಂ."